ಗಾಜಿನ ಮೂಲೆಯ ಗುರುತು ನೋಡಿ: ಪಂಚನಹಳ್ಳಿ ಹೋಬಳಿಯ ಹಕ್ಕೊತ್ತಾಯ ಪತ್ರ

ಗೆ,
ಸಾರಿಗೆ ಆಯುಕ್ತರು, ಬೆಂಗಳೂರು
ಸಾರಿಗೆ ಅಧಿಕಾರಿಗಳು, ಚಿಕ್ಕಮಗಳೂರು (ಕೆಎ-18) ಮತ್ತು ತರೀಕೆರೆ (ಕೆಎ-66)
ಭಾರತೀಯ ಮಾನಕ ಬ್ಯೂರೋ, ಬೆಂಗಳೂರು ಶಾಖೆ

ಮಾನ್ಯರೇ,

ಕಾರಿನ ಯಾವ ಗಾಜಿನ ಮೂಲೆಯನ್ನಾದರೂ ನೋಡಿ. ಹೆಬ್ಬೆರಳಗಲದ ಜಾಗದಲ್ಲಿ ತಯಾರಕರ ಹೆಸರು, ಐಎಸ್‌ಐ ಮುದ್ರೆ, ಮುದ್ರೆಯ ಮೇಲೆ ಐಎಸ್ 2553 ಎಂಬ ಅಂಕಿ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಷೋರೂಮಿನಿಂದ ಬರುವಾಗ ಈ ಗುರುತು ಇರುತ್ತದೆ. ಅದು ಕಾಣೆಯಾಗುವುದು ಗಾಜು ಒಡೆದು ಬದಲಾಯಿಸಿದ ಮೇಲೆ. ಬಾಣಾವರ–ಹುಳಿಯಾರು ರಸ್ತೆಯಲ್ಲಿ ಜಲ್ಲಿ ಟಿಪ್ಪರಿನ ಹಿಂದೆ ಹೋದವರಿಗೆ ಕಲ್ಲು ಸಿಡಿಯುವುದು ಹೊಸದಲ್ಲ. ತೆಂಗಿನ ಮರದಡಿ ಕಾರು ನಿಲ್ಲಿಸುವ ಊರು ನಮ್ಮದು. ಸನ್‌ರೂಫ್ ಬಂದ ಮೇಲೆ ಒಂದು ಕಾಯಿ ಬಿದ್ದರೂ ಸಾಕು.

ನಮ್ಮಲ್ಲೊಬ್ಬರು ಶಾಲೆ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಪಕ್ಕದ ಗಾಜು ಹಾಕಿಸಿದರು. ಅಂಗಡಿಯವರು ಅಳತೆ ತೆಗೆದು, ಕಣ್ಣೆದುರೇ ಗಾಜು ಕೊಯ್ದು ಕೂರಿಸಿದರು. ಕೆಲಸ ಅಚ್ಚುಕಟ್ಟು, ದುಡ್ಡೂ ಕಡಿಮೆ. ಅದರ ಅಪಾಯ ತಿಳಿದದ್ದು ತಿಂಗಳುಗಳ ನಂತರ. ವಾಹನದ ಪಕ್ಕಕ್ಕೆ ಹಾಕುವ ಟಫನ್ಡ್ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸಿರುತ್ತಾರೆ. ಆಮೇಲೆ ಅದನ್ನು ಕೊಯ್ಯಲು ಬರುವುದಿಲ್ಲ. ಕೊಯ್ಯಹೋದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಕಾರಿಗೆ ಅದು ಬೇಕಾಗಿರುವುದೇ ಆ ಗುಣಕ್ಕೆ. ಒಂಟಿ ಗಾಜನ್ನು ಎದುರಿಗೇ ಕೊಯ್ದರೆಂದರೆ ಅದು ಮನೆ ಕಿಟಕಿಯ ಗಾಜು, ಒಡೆದರೆ ಚೂರಿಯಂಥ ಚೂರು. ಅಷ್ಟು ದಿನ ಮಕ್ಕಳು ಅದಕ್ಕೆ ತಲೆಯಾನಿಸಿ ನಿದ್ದೆ ಮಾಡಿಕೊಂಡು ಶಾಲೆಗೆ ಹೋದರು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ಸುರಕ್ಷತಾ ಗಾಜನ್ನು ಕಡ್ಡಾಯ ಮಾಡಿದೆ. ನಿಯಮ ಇದೆ, ಬದಲಾಯಿಸಿದ ಗಾಜನ್ನು ನೋಡುವವರಿಲ್ಲ. ಆದ್ದರಿಂದ ನಮ್ಮ ಒತ್ತಾಯಗಳು:

1. ಎಫ್‌ಸಿಗೆ ಬಂದ ಪ್ರತಿ ವಾಹನದ ಪ್ರತಿ ಗಾಜಿನ ಗುರುತನ್ನೂ ಬ್ರೇಕ್ ಇನ್‌ಸ್ಪೆಕ್ಟರ್ ನೋಡಿ ಬರೆದುಕೊಳ್ಳಬೇಕು. ಬ್ರೇಕು, ದೀಪ, ಟೈರು ನೋಡುವವರಿಗೆ ಇದು ಎರಡು ನಿಮಿಷದ ಕೆಲಸ. ಗುರುತಿಲ್ಲದ ಗಾಜಿದ್ದರೆ ಬದಲಾಯಿಸಲು ಗಡುವು ಕೊಡಿ. ಶಾಲಾ ವಾಹನಕ್ಕೆ ಮಾತ್ರ ಗಡುವು ಬೇಡ, ಗಾಜು ಬದಲಾದ ಮೇಲೆಯೇ ಎಫ್‌ಸಿ.

2. ಗಾಜು ಹಾಕಿದ ಗ್ಯಾರೇಜು ಬಿಲ್ಲಿನಲ್ಲಿ ಸಿಎಂ/ಎಲ್ ಸಂಖ್ಯೆ ಬರೆಯಲೇಬೇಕು. ನಮ್ಮ ಜನಕ್ಕೆ ಗೊತ್ತಿಲ್ಲದ ಒಂದು ಮಾತು ಇಲ್ಲಿದೆ. ಕಾಂಪ್ರಿಹೆನ್ಸಿವ್ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿಯೆಂದು ಶೇ. 50 ಕಳೆಯುತ್ತಾರೆ; ಗಾಜಿಗೆ ಸವಕಳಿ ಕಳೆಯುವುದಿಲ್ಲ. ವಿಮೆ ಇದ್ದವರು ಅಗ್ಗದ ಗಾಜಿಗೆ ಹೋಗುವ ಕಾರಣ ಕಡಿಮೆ. ಇದನ್ನು ಪಾಲಿಸಿ ಮಾರುವವರೇ ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು.

3. ಸನ್‌ರೂಫ್ ಗಾಜನ್ನು 100ನೇ ನಿಯಮದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಹೆಸರಿಟ್ಟು ಸೇರಿಸಲು ರಾಜ್ಯವು ಕೇಂದ್ರಕ್ಕೆ ಬರೆಯಬೇಕು. ಟಫನ್ಡ್ ಸನ್‌ರೂಫ್ ಒಡೆದರೆ ಕಾಳುಗಳು ನೇರ ತಲೆಯ ಮೇಲೆ ಬೀಳುತ್ತವೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಆದರೆ ಬಿರುಕು ಬಿಟ್ಟರೂ ಅಲ್ಲೇ ಅಂಟಿಕೊಂಡಿರುತ್ತದೆ. ಎರಡರಲ್ಲಿ ಯಾವುದೆಂದು ಕಾರು ಮಾರುವಾಗಲೇ ಬರೆದು ಕೊಡಬೇಕು.

4. ಯಾವ ಗಾಜು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂಬುದು ಕಾರಿನ ಬಾಗಿಲ ಬಳಿ ಕನ್ನಡದಲ್ಲಿ ಕಾಣಬೇಕು. ನಮ್ಮ ಸೀಮೆಯ ಎಷ್ಟೋ ರಸ್ತೆಗಳು ಕೆರೆ ಏರಿಯ ಮೇಲೆಯೇ ಹೋಗುತ್ತವೆ. ಕಾರು ನೀರಿಗೆ ಬಿದ್ದರೆ ಟಫನ್ಡ್ ಕಿಟಕಿಯ ಮೂಲೆಗೆ ಚೂಪು ಸುತ್ತಿಗೆಯಲ್ಲಿ ಹೊಡೆದು ಹೊರಬರಬಹುದು. ಮುಂದಿನ ಗಾಜು ಲ್ಯಾಮಿನೇಟೆಡ್, ಎಷ್ಟು ಹೊಡೆದರೂ ದಾರಿ ಬಿಡುವುದಿಲ್ಲ. ಈಚಿನ ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್. ಮುಳುಗುವಾಗ ಯಾವುದಕ್ಕೆ ಹೊಡೆಯಬೇಕೆಂದು ಪರೀಕ್ಷಿಸುತ್ತ ಕೂರಲು ಆಗುವುದಿಲ್ಲ.

5. ಕಪ್ಪು ಫಿಲ್ಮಿನ ಬಗ್ಗೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ತೀರ್ಪು ಕೊಟ್ಟ ಮೇಲೆ ಪೊಲೀಸರು ಗಾಜಿನ ಕಪ್ಪು ನೋಡುತ್ತಾರೆ. ಮುಂದೆ, ಹಿಂದೆ ಶೇ. 70, ಪಕ್ಕದಲ್ಲಿ ಶೇ. 50 ಬೆಳಕು ಹಾಯಬೇಕೆಂಬುದು ಸರಿಯೇ. ಕಪ್ಪು ನೋಡುವಾಗ ಮೂಲೆಯ ಗುರುತನ್ನೂ ನೋಡಿ. ಅದರ ಮೇಲೆ ಯಾವ ಸ್ಟಿಕರನ್ನೂ ಅಂಟಿಸಬಾರದೆಂದು ಸುತ್ತೋಲೆ ಹೊರಡಿಸಿ.

6. ಮಾನಕ ಬ್ಯೂರೋದವರು ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಗಾಜಿನಂಗಡಿಗಳಿಗೆ ಬರಬೇಕು. 2016ರ ಬಿಐಎಸ್ ಕಾಯ್ದೆಯಲ್ಲಿ ದಂಡವೂ ಇದೆ, ಸೆರೆವಾಸವೂ ಇದೆ. ಆದರೆ ಮೊದಲ ಭೇಟಿಯಲ್ಲೇ ಚಿಕ್ಕ ಅಂಗಡಿಗೆ ಬೀಗ ಹಾಕಿಸುವುದು ನಮ್ಮ ಬೇಡಿಕೆಯಲ್ಲ. ಗುರುತಿನ ಗಾಜು ಎಲ್ಲಿ ಸಿಗುತ್ತದೆಂದು ತಿಳಿಸಿ, ತಿದ್ದಿಕೊಳ್ಳದವರ ಮೇಲೆ ಕೇಸು ಹಾಕಿ. ಬೇರೆ ಗಾಜಿನಿಂದ ಮುದ್ರೆ ನಕಲು ಮಾಡುವವರಿಗೆ ಮಾತ್ರ ಯಾವ ರಿಯಾಯಿತಿಯೂ ಬೇಡ.

7. ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವ ವಿಧಾನವನ್ನು ಎರಡೂ ಸಾರಿಗೆ ಕಚೇರಿಗಳ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

8. ಮುಂದಿನ ಶಾಲಾ ವರ್ಷ ಶುರುವಾಗುವ ಮೊದಲು ಪಂಚನಹಳ್ಳಿಯಲ್ಲೇ ಒಂದು ದಿನ ಗಾಜು ತಪಾಸಣೆ ಇಡಬೇಕು. ವಾಹನಗಳನ್ನು ಸಾಲಾಗಿ ನಿಲ್ಲಿಸುವ ಜವಾಬ್ದಾರಿ ನಮ್ಮದು. ಮೊದಲು ನಿಲ್ಲುವುದು ಆ ವ್ಯಾನು. ಅದರ ಹೊಸ ಗಾಜಿನಲ್ಲಿ ಈಗ ಗುರುತಿದೆ.

ಇಂತಿ,
ಪಂಚನಹಳ್ಳಿ ಹೋಬಳಿಯ ವಾಹನ ಮಾಲೀಕರು, ಚಾಲಕರು ಮತ್ತು ಶಾಲಾ ಮಕ್ಕಳ ಪೋಷಕರು