ಹೆಬ್ಬಾತು ಮಲಗುವುದು ಕೆರೆಯಲ್ಲಿ, ಉಣ್ಣುವುದು ನಮ್ಮ ಹೊಲದಲ್ಲಿ

ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಅಪ್ಪ ಕಡಲೆ ಹೊಲದ ಬದುವಿನಲ್ಲಿ ಖಾಲಿ ಎಣ್ಣೆ ಡಬ್ಬಿ ಹಿಡಿದು ಕೂತಿದ್ದರು. ರಾತ್ರಿಯಿಡೀ ಬಡಿದು ಡಬ್ಬಿ ನುಜ್ಜುಗುಜ್ಜಾಗಿತ್ತು. ಆದರೂ ಕೆರೆ ಕಡೆಯ ಏಳೆಂಟು ಸಾಲಿನಲ್ಲಿ ಚಿಗುರೇ ಉಳಿದಿರಲಿಲ್ಲ. 'ಮಂಗೋಲಿಯಾದ ಬೀಗರು ಬಂದಾರ, ಏನ್ ಮಾಡಾಕ ಬರ್ತೈತಿ?' ಎಂದರು. ಸಿಟ್ಟೋ ತಮಾಷೆಯೋ ತಿಳಿಯಲಿಲ್ಲ.

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನಮಗೆ ಕೂಗಳತೆ ದೂರ. ನೀರಾವರಿಗೆಂದು ಕಟ್ಟಿದ ಸುಮಾರು 50 ಹೆಕ್ಟೇರ್ ಕೆರೆಗೆ ಚಳಿಗಾಲದಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆಯ ಜೊತೆ ನಮ್ಮ ಕೆರೆಯೂ ರಾಮ್ಸರ್ ಪಟ್ಟಿ ಸೇರಿದಾಗ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಪೇಪರ್ ತೋರಿಸಿ ಮೆರೆದವನು ನಾನೇ.

ಆದರೆ ಹೆಬ್ಬಾತಿನ ದಿನಚರಿ ನೋಡಿ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಊಟ. ಶೇಂಗಾ, ಕಡಲೆ, ಎಳೆ ಪೈರು ಯಾವುದಾದರೂ ಆದೀತು. ನಾವು ರಕ್ಷಿಸಿರುವುದು ಅದರ ಮಲಗುವ ಕೋಣೆಯನ್ನು ಮಾತ್ರ. ಅಡುಗೆಮನೆಯ ಖರ್ಚು ಕೆರೆಯಂಚಿನ ಕೆಲವೇ ರೈತರ ಪಾಲಿಗೆ ಬಿದ್ದಿದೆ. ಏಳು ಸಾಲು ಕಡಲೆಗೆ ಫೋಟೊ, ಪಹಣಿ, ಅರ್ಜಿ ಹಿಡಿದು ಅಲೆದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ. ಅಪ್ಪ ಆ ಗೋಜಿಗೇ ಹೋಗಿಲ್ಲ.

'ಓಡಿಸಿಬಿಟ್ಟರೆ ಆಯ್ತಲ್ಲ, ಬೇರೆ ಕೆರೆ ಹುಡುಕಿಕೊಳ್ಳುತ್ತವೆ' ಎಂದ ಗೆಳೆಯನೊಬ್ಬ. ವಲಸೆ ಅಂದರೆ ರಕ್ತದಲ್ಲೇ ಇರುವ ನಕಾಶೆ ಎಂದು ನಾನೂ ನಂಬಿದ್ದೆ. ಅದು ಅರ್ಧ ನಿಜ. ಹೊರಡುವ ತುಡಿತ ಹುಟ್ಟಿನಿಂದ ಬರುತ್ತದೆ; ದಾರಿಯನ್ನು ಮರಿಗಳು ಮೊದಲ ವರ್ಷ ಅಪ್ಪ-ಅಮ್ಮನ ಜೊತೆ ಹಾರಿಯೇ ಕಲಿಯಬೇಕು. ಆ ಪಾಠ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. ಅಲ್ಲಿ ಬೇಟೆಗೆ ಆಮಿಷವಾಗಿ ಸಾಕಿದ್ದ ಕೆನಡಾ ಹೆಬ್ಬಾತುಗಳನ್ನು 1935ರ ನಿಷೇಧದ ನಂತರ ಬಿಟ್ಟರು. ಆಮೇಲೆ ಸರ್ಕಾರಗಳೇ ಸಾಕಿ ಬೆಳೆಸಿ ಬಿಟ್ಟವು. ದಾರಿ ತೋರಿಸುವ ಹಿರಿಯರಿಲ್ಲದ ಹಕ್ಕಿಗಳು ಪಾರ್ಕಿನ ಹುಲ್ಲು, ಕೊಳದ ನೀರು ನೆಚ್ಚಿ ವರ್ಷವಿಡೀ ಅಲ್ಲೇ ಠಿಕಾಣಿ ಹೂಡಿದವು. 2009ರಲ್ಲಿ ಹೆಬ್ಬಾತು ಬಡಿದು ವಿಮಾನವೊಂದು ಹಡ್ಸನ್ ನದಿಗಿಳಿದ ಮೇಲೆ ನ್ಯೂಯಾರ್ಕ್‌ನ ಪಾರ್ಕುಗಳ ಹೆಬ್ಬಾತುಗಳನ್ನು ಹಿಡಿದು ಕೊಂದರು. ವಿಚಿತ್ರವೆಂದರೆ, ಎಂಜಿನ್‌ನಲ್ಲಿ ಸಿಕ್ಕ ಗರಿಗಳ ಪರೀಕ್ಷೆ ಬೆರಳು ತೋರಿದ್ದು ದೂರದ ವಲಸೆ ಹಕ್ಕಿಗಳ ಕಡೆಗೆ!

ನಮ್ಮ ಕೆರೆಗೆ ಬರುವ ದಾರಿಯೂ ಹಾಗೆ ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು. ಕೆಲವು ವರ್ಷ ತಮಟೆ, ಪಟಾಕಿಯಲ್ಲೇ ಸ್ವಾಗತ ಸಿಕ್ಕರೆ ಮರಿಗಳು ಮಾಗಡಿಯನ್ನು ಕಲಿಯುವುದೇ ಇಲ್ಲ. ಹಾಗೆಂದು ಅಪ್ಪನಿಗೆ ಡಬ್ಬಿ ಬಡಿಯಬೇಡಿ ಎನ್ನಲು ನನಗೆ ಯಾವ ಹಕ್ಕಿದೆ? ಹಕ್ಕಿ ನೋಡಲು ಕಾರಿನಲ್ಲಿ ಬರುವವರಿಂದ ಅಷ್ಟಿಷ್ಟು ಶುಲ್ಕ ಪಡೆದು, ಕೆರೆಯಂಚಿನ ಹೊಲಗಳಿಗೆ ಎಕರೆಗಿಷ್ಟು ಎಂದು ಅರ್ಜಿಯಿಲ್ಲದೆ ಕೊಡುವುದು ಗ್ರಾಮ ಪಂಚಾಯಿತಿಗೆ ಆಗದ ಕೆಲಸವಲ್ಲ. ಇದನ್ನು ಹೇಳಿದಾಗ ಅಪ್ಪ ನಕ್ಕರು.

ಮಾರ್ಚ್‌ನಲ್ಲಿ ಫೋನ್ ಮಾಡಿದ್ದರು. ಕಡಲೆ ರೇಟಿನ ಬಗ್ಗೆ ಒಂದಿಷ್ಟು ಬೈದು, 'ಬೀಗರು ಹೋದರು, ಕೆರಿ ಭಣಭಣ ಅನ್ನಾಕತ್ತೈತಿ' ಅಂದರು.