ಮಾರತ್ತಹಳ್ಳಿಯ ಪಕ್ಕದ ರೋಮನ್ ಬೆಳ್ಳಿ

ಮಾರತ್ತಹಳ್ಳಿಯ ಹೆಸರನ್ನು ಕೇಳಿದೊಡನೆ ವಾಚಕರ ಮನಸ್ಸಿಗೆ ಬರುವುದು ಹೊರವರ್ತುಲ ರಸ್ತೆ, ವಾಹನಗಳ ಸಾಲು, ಗಾಜಿನ ಗೋಡೆಯ ಕಚೇರಿಗಳು. ಈ ಹೆಸರನ್ನು 1961ರಲ್ಲಿ ಬೆಂಗಳೂರಿನ ಬಾನಿನಲ್ಲಿ ಮೊದಲು ಹಾರಿದ ‘ಮಾರುತ’ ವಿಮಾನದೊಂದಿಗೆ ಗಂಟುಹಾಕುವವರೂ ಉಂಟು. ಕೇಳುವುದಕ್ಕೆ ಇಂಪಾದ ಮಾತು. ಸಾಕ್ಷ್ಯದ ಮಾತು ಬೇರೆ. ಆದರೆ ವಿಮಾನಗಳಿಗೂ ಈ ಊರಿಗೂ ಇರುವ ನೆರೆತನ ಸುಳ್ಳಲ್ಲ. ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ನಿಲ್ದಾಣದ ಪೂರ್ವದ ಅಂಚು ಮಾರತ್ತಹಳ್ಳಿಗೆ ತಾಗಿದಂತೆಯೇ ಇದೆ. ಆ ನಿಲ್ದಾಣದ ಪ್ರದೇಶದಲ್ಲಿ 1965ರಲ್ಲಿ 256 ಬೆಳ್ಳಿಯ ನಾಣ್ಯಗಳು ದೊರೆತುವು. ಅವುಗಳ ಮೇಲಿದ್ದುದು ರೋಮ್ ಚಕ್ರಾಧಿಪತಿಗಳ ಮುಖಗಳು.

ಇಂತಹ ನಿಧಿ ಬೆಂಗಳೂರಿಗೆ ಮೊದಲನೆಯದೇನೂ ಅಲ್ಲ. 1891ರಲ್ಲಿ ಯಶವಂತಪುರದಲ್ಲಿ ರೈಲುಹಾದಿಯ ಕೆಲಸಕ್ಕಾಗಿ ಅಗೆಯುತ್ತಿದ್ದಾಗ ಇದೇ ಬಗೆಯ 163 ನಾಣ್ಯಗಳು ಸಿಕ್ಕಿದ್ದುವು. ಎರಡು ನಿಧಿಗಳಲ್ಲಿಯೂ ಆಗಸ್ಟಸ್, ಟಿಬೇರಿಯಸ್, ಕ್ಲಾಡಿಯಸ್ ಮೊದಲಾದವರ ನಾಣ್ಯಗಳಿವೆ. ಎಂದರೆ ಕ್ರಿಸ್ತಶಕದ ಆರಂಭದ ಆಚೀಚೆಯ ಕೆಲವು ದಶಕಗಳಲ್ಲಿ ಟಂಕಿತವಾದವು. ಈ ನಾಣ್ಯಕ್ಕೆ ‘ದಿನಾರಿಯಸ್’ ಎಂದು ಹೆಸರು. ನಮ್ಮ ಶಾಸನಗಳ ‘ದೀನಾರ’ ಎಂಬ ಮಾತು ಅಲ್ಲಿಂದಲೇ ಬಂದುದು.

ಇಷ್ಟನ್ನು ಓದಿದೊಡನೆ ‘ಎರಡು ಸಾವಿರ ವರ್ಷಗಳ ಹಿಂದೆಯೇ ಬೆಂಗಳೂರು ರೋಮಿನೊಡನೆ ವ್ಯಾಪಾರ ಮಾಡುತ್ತಿತ್ತು’ ಎಂದು ಉದ್ಗರಿಸುವವರಿದ್ದಾರೆ. ಈ ವಾಕ್ಯವನ್ನು ನಾವು ಒಪ್ಪಲಾರೆವು. ನಾಣ್ಯವು ಕೈಯಿಂದ ಕೈಗೆ ಹೋಗುವ ವಸ್ತು. ರೋಮಿನ ಹಣ ಇಲ್ಲಿಗೆ ಬಂದಿತೆಂಬುದರಿಂದ ರೋಮಿನವನೊಬ್ಬನು ಇಲ್ಲಿಗೆ ಬಂದನೆಂದಾಗಲಿ, ಇಲ್ಲಿಯವನೊಬ್ಬನು ಹಡಗನ್ನು ಹತ್ತಿದನೆಂದಾಗಲಿ ಸಿದ್ಧವಾಗುವುದಿಲ್ಲ. ಬೆಂಗಳೂರು ಎಂಬ ಹೆಸರು ನಮಗೆ ಶಾಸನದಲ್ಲಿ ಕಾಣುವುದೇ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 890ರಲ್ಲಿ. ಆಗಸ್ಟಸನ ಕಾಲಕ್ಕೂ ಅದಕ್ಕೂ ಎಂಟುನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಇಲ್ಲಿ ಆಗ ಜನರಿದ್ದರೆಂಬುದರಲ್ಲಿ ಸಂದೇಹವಿಲ್ಲ. ಕೋರಮಂಗಲ, ಚಿಕ್ಕಜಾಲಗಳಲ್ಲಿ ಕಬ್ಬಿಣಯುಗದ ಸಮಾಧಿಗಳು ದೊರೆತಿವೆ. ಆ ಜನರ ಊರಿನ ಹೆಸರೇನು, ಅವರ ಒಡೆಯನು ಯಾರು ಎಂಬುದನ್ನು ಬೆಳ್ಳಿಯ ಬಿಲ್ಲೆಗಳು ಹೇಳವು.

ಹಾಗಾದರೆ ಅವು ಹೇಳುವುದೇನು? ವಿದ್ಯಾರ್ಥಿಗಳು ಮೊದಲು ತೂಕದ ಲೆಕ್ಕವನ್ನು ಹಾಕಿ ನೋಡಬೇಕು. ಆ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಯಿಂದ 84 ದಿನಾರಿಗಳನ್ನು ಟಂಕಿಸುತ್ತಿದ್ದರು. ಒಂದೊಂದರ ತೂಕ ನಾಲ್ಕು ಗ್ರಾಮಿಗೆ ತುಸು ಕಡಮೆ. 256 ನಾಣ್ಯಗಳೆಂದರೆ ಹೆಚ್ಚುಕಡಮೆ ಒಂದು ಕಿಲೋಗ್ರಾಮ್ ಬೆಳ್ಳಿ. ಆಗಸ್ಟಸನ ಸೈನ್ಯದಲ್ಲಿ ಸಾಮಾನ್ಯ ಪದಾತಿಯ ವಾರ್ಷಿಕ ಸಂಬಳ 225 ದಿನಾರಿಗಳಾಗಿತ್ತು. ಮಾರತ್ತಹಳ್ಳಿಯ ಪಕ್ಕದ ನೆಲದಲ್ಲಿ ಹುದುಗಿದ್ದುದು ಒಬ್ಬ ಸಿಪಾಯಿಯ ಒಂದು ವರ್ಷದ ದುಡಿಮೆಗಿಂತ ಸ್ವಲ್ಪ ಹೆಚ್ಚು. ಅರಸನ ಬೊಕ್ಕಸವೆನ್ನುವುದಕ್ಕೆ ಇದು ಬಹಳ ಚಿಕ್ಕದು. ಬಡವನ ಗಂಟೆನ್ನುವುದಕ್ಕೆ ದೊಡ್ಡದು. ವರ್ತಕನೊಬ್ಬನ ಬಂಡವಾಳವೆಂದರೆ ಸರಿಯಾದೀತೆಂದು ನಮ್ಮ ಊಹೆ. ಊಹೆಯೆಂದೇ ವಾಚಕರು ಇದನ್ನು ಎಣಿಸಬೇಕು.

ಇನ್ನೊಂದು ಕಡೆಯಿಂದಲೂ ಅಳೆಯಬಹುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಉತ್ಪಾತದಲ್ಲಿ ಮಡಿದ ಹಿರಿಯ ಪ್ಲಿನಿಯು, ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ರೋಮಿನಿಂದ ಸೆಳೆದುಕೊಳ್ಳುತ್ತಿದೆಯೆಂದು ಕೊರಗಿರುವನು. ನಾಲ್ಕು ಸೆಸ್ಟರ್ಸ್ ಸೇರಿ ಒಂದು ದಿನಾರಿ. ನಮ್ಮ 256 ನಾಣ್ಯಗಳು ಆ ಮೊತ್ತದ ನಲವತ್ತೆಂಟು ಸಾವಿರದಲ್ಲಿ ಒಂದು ಪಾಲೂ ಆಗದು. ಪ್ಲಿನಿಯ ಲೆಕ್ಕವೇ ಎಷ್ಟು ಸರಿಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆತನಿಗೆ ತನ್ನ ಜನರ ವಿಲಾಸವನ್ನು ಹಳಿಯುವ ಚಪಲವಿತ್ತು. ಆದರೂ ಪ್ರವಾಹವೊಂದು ಹರಿಯುತ್ತಿತ್ತೆಂಬುದು ನಿಜ, ಅದರ ಒಂದು ಹನಿ ಇಲ್ಲಿ ಸಿಡಿದು ಬಿದ್ದಿದೆ.

ಆ ಹನಿ ಬಂದ ದಾರಿ ಯಾವುದು? ಕೆಂಪು ಸಮುದ್ರದ ಬಂದರುಗಳಿಂದ ನೈಋತ್ಯದ ಮುಂಗಾರು ಗಾಳಿಯನ್ನು ಹಿಡಿದು ಹೊರಟ ಹಡಗುಗಳು ಮಲಬಾರಿನ ಮುಚಿರಿಯನ್ನು ಮುಟ್ಟುತ್ತಿದ್ದುವು. ಅಲ್ಲಿ ಇಳಿದ ಹಣವು ಮೆಣಸಿಗೂ ಮುತ್ತಿಗೂ ಬದಲಾಗಿ, ಪಾಲಘಾಟಿನ ಕಣಿವೆಯ ಮೂಲಕ ಒಳನಾಡಿಗೆ ಹರಿಯಿತು. ದಕ್ಷಿಣದಲ್ಲಿ ದೊರೆತ ರೋಮನ್ ನಿಧಿಗಳು ಕೊಯಮತ್ತೂರಿನ ಸೀಮೆಯಲ್ಲಿ ದಟ್ಟವಾಗಿರುವುದು ಇದನ್ನೇ ಸೂಚಿಸುತ್ತದೆ. ಅಲ್ಲಿಂದ ಉತ್ತರಕ್ಕೆ ಘಟ್ಟವನ್ನೇರಿದರೆ ಮೈಸೂರು ಸೀಮೆ. ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿಯು, ಬೆರಿಲ್ ಎಂಬ ಹಸುರು ರತ್ನ ಸಿಗುವ ‘ಪೌನ್ನಾಟ’ ಎಂಬೊಂದು ಸ್ಥಳವನ್ನು ಹೆಸರಿಸಿರುವನು. ಅದನ್ನು ಕಪಿನೀ ತೀರದ ಪುನ್ನಾಟವೆಂದು ವಿದ್ವಾಂಸರು ಗುರುತಿಸಿರುವರು. ರೋಮಿನ ಶ್ರೀಮಂತರಿಗೆ ಈ ರತ್ನದ ಮೇಲೆ ಬಹು ಮೋಹವಿತ್ತು. ಬೆಳ್ಳಿಯು ಘಟ್ಟವನ್ನೇರುವುದಕ್ಕೆ ಕಾರಣ ಸಾಕಷ್ಟಿತ್ತೆನ್ನಬಹುದು.

ಇಲ್ಲಿ ಒಂದು ಸ್ವಾರಸ್ಯವುಂಟು. ಮಾರತ್ತಹಳ್ಳಿಯಿಂದ ಪೂರ್ವಕ್ಕೆ ಒಂದು ದಿನದ ಕುದುರೆಯ ಪಯಣದಷ್ಟು ದೂರದಲ್ಲಿ ಕೋಲಾರದ ಚಿನ್ನದ ನೆಲವಿದೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅಲ್ಲಿ ಗಡಿಯ ಮೋಜಣಿ ಮಾಡುತ್ತಿದ್ದಾಗ, ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು ಕಂಡು ವರದಿ ಬರೆದನು. ಉತ್ತರದ ಹಟ್ಟಿಯಲ್ಲಿಯಂತೂ ಪ್ರಾಚೀನರ ಗಣಿಗಳು ಆರುನೂರು ಅಡಿಗಳಿಗೂ ಮಿಕ್ಕ ಆಳಕ್ಕೆ ಇಳಿದಿದ್ದುವು. ಅಲ್ಲಿ ದೊರೆತ ಮರದ ಆಧಾರಗಳ ವಿಕಿರಣ ಇಂಗಾಲದ ಪರೀಕ್ಷೆಯು ಸುಮಾರು ಎರಡು ಸಾವಿರ ವರ್ಷಗಳನ್ನು ತೋರಿಸಿತು. ಉಳಿ, ಸುತ್ತಿಗೆ, ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಬಿರಿಯಿಸುವ ಉಪಾಯ, ಇಷ್ಟರಿಂದಲೇ ಅಷ್ಟು ಆಳಕ್ಕೆ ಹೋದವರ ಎದೆಗಾರಿಕೆಯನ್ನು ನೆನೆದರೆ ನಮಗೆ ರೋಮಿನ ನಾಣ್ಯಗಳಿಗಿಂತ ಅದೇ ಹೆಚ್ಚಿನ ಬೆರಗಾಗಿ ತೋರುತ್ತದೆ. ಹೀಗೆ ಚಿನ್ನವನ್ನು ಅಗೆಯಬಲ್ಲ ಸೀಮೆಗೆ ಬೆಳ್ಳಿಯೇ ಅಪರೂಪವಾಗಿತ್ತು. ದಕ್ಷಿಣದಲ್ಲಿ ಹೇಳಿಕೊಳ್ಳುವಂತಹ ಬೆಳ್ಳಿಯ ಗಣಿಗಳಿಲ್ಲ. ಪರದೇಶದ ನಾಣ್ಯವನ್ನು ಕರಗಿಸದೆ ಹಾಗೆಯೇ ಕೂಡಿಟ್ಟುದಕ್ಕೆ ಅದರ ಒಳ್ಳೆಯ ಬೆಳ್ಳಿಯೂ ಒಂದು ಕಾರಣವಾಗಿರಬೇಕು. ಕ್ರಿ.ಶ. 64ರಲ್ಲಿ ನೀರೋ ದೊರೆಯು ಒಂದು ಪೌಂಡಿಗೆ 96 ನಾಣ್ಯಗಳಂತೆ ಹೊಡೆಯಿಸಿ, ಮಿಶ್ರಲೋಹವನ್ನೂ ಸೇರಿಸಿದ ಮೇಲೆ, ಭಾರತದ ನಿಧಿಗಳಲ್ಲಿ ಹೊಸ ದಿನಾರಿಗಳು ವಿರಳವಾಗುತ್ತವೆ. ನಮ್ಮ ವರ್ತಕರು ತಕ್ಕಡಿ ಒರೆಗಲ್ಲುಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನು ನಮ್ಮ ಮುಖ್ಯವಾದ ತಕರಾರಿಗೆ ಬರೋಣ. 419 ನಾಣ್ಯಗಳು ಕೈಗೆ ಬಂದರೂ ಅವುಗಳಿಂದ ತಿಳಿದುದು ಇಷ್ಟು ಸ್ವಲ್ಪವೇಕೆ? ಗುದ್ದಲಿಗೆ ಸಿಕ್ಕಿದ ನಿಧಿಯು ತನ್ನ ಸುತ್ತಲಿನ ನೆಲದಿಂದ ಬೇರ್ಪಟ್ಟು ಬರುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಕಥೆಯನ್ನು ಇದರೊಡನೆ ಹೋಲಿಸಬೇಕು. ಅಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಪದರಪದರವಾಗಿ ಅಗೆಯಿಸಿದರು. ಟಿಬೇರಿಯಸನ ದಿನಾರಿಯು ಶಾತವಾಹನರ ಕಾಲದ ನಾಣ್ಯಗಳೊಡನೆ, ಮಡಕೆಚೂರುಗಳೊಡನೆ ಅಲ್ಲಿ ದೊರೆಯಿತು. ಆ ಚಿಕ್ಕ ಬಿಲ್ಲೆಯ ಬಲದಿಂದ ಒಂದು ಪದರದ ಕಾಲವೂ, ಅದರ ಮೂಲಕ ಕನ್ನಡನಾಡಿನ ಪ್ರಾಚೀನ ಮಡಕೆಗಳ ಕಾಲಕ್ರಮವೂ ನಿಶ್ಚಯವಾಗಲು ನೆರವಾಯಿತು. ಸ್ಥಾನ ತಿಳಿದ ಒಂದು ನಾಣ್ಯವು ಸ್ಥಾನ ತಿಳಿಯದ ನೂರಕ್ಕಿಂತ ಮೇಲೆಂದು ನಾವು ಹೇಳುವುದು ಈ ಕಾರಣದಿಂದ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಫಿಲಿಪೈನ್ಸ್ ದ್ವೀಪಗಳ ಸುರಿಗಾವ್ ಪ್ರಾಂತದಲ್ಲಿ 1981ರಲ್ಲಿ ನೀರಾವರಿಯ ಕೆಲಸದ ಕೂಲಿಯೊಬ್ಬನಿಗೆ ಚಿನ್ನದ ಒಡವೆಗಳ ರಾಶಿಯೇ ಸಿಕ್ಕಿತು. ಅವುಗಳಲ್ಲಿ ನಾಲ್ಕು ಕಿಲೋಗ್ರಾಮಿನಷ್ಟು ತೂಗುವ, ಯಜ್ಞೋಪವೀತವನ್ನು ಹೋಲುವ ಚಿನ್ನದ ದಾರವೊಂದಿದೆ. ಸ್ಪೇನಿನವರು ಬರುವುದಕ್ಕೆ ಬಹಳ ಹಿಂದೆಯೇ ಅಲ್ಲಿಯ ಅಕ್ಕಸಾಲಿಗರು ಎಂತಹ ಕುಶಲಿಗಳಾಗಿದ್ದರೆಂಬುದಕ್ಕೆ ಅದು ಸಾಕ್ಷಿ. ಆದರೆ ಒಡವೆಗಳು ಮಾರಾಟಕ್ಕೆ ಸಿಕ್ಕಿ ಚೆದರಿದ್ದರಿಂದ, ಯಾವುದು ಯಾವುದರ ಪಕ್ಕದಲ್ಲಿತ್ತೆಂದು ಈಗ ಹೇಳುವಂತಿಲ್ಲ. 1989ರಲ್ಲಿ ಲಗೂನ ಪ್ರಾಂತದಲ್ಲಿ ಮರಳು ತೆಗೆಯುವವರಿಗೆ ಸಿಕ್ಕಿದ ತಾಮ್ರಪಟವೂ ಮೊದಲು ಅಂಗಡಿಯವರ ಕೈಯನ್ನೇ ಸೇರಿತ್ತು. ಅದೃಷ್ಟಕ್ಕೆ ಅದರಲ್ಲಿ ಬರಹವಿತ್ತು. ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರವೆಂದು ತೇದಿ. ಒಂದು ಕಾಟಿ ಎಂಟು ಸುವರ್ಣ ತೂಕದ ಸಾಲವು ತೀರಿತೆಂದು ವಿಷಯ. ಬೇಗೂರಿನ ವೀರಗಲ್ಲು ನಿಂತ ಹತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ಮನಿಲಾದ ಬಳಿ ಒಬ್ಬನು ನಮ್ಮ ಪಂಚಾಂಗದಲ್ಲಿಯೇ ದಿನವನ್ನು ಎಣಿಸುತ್ತಿದ್ದನು! ಇಷ್ಟರಿಂದ ಕನ್ನಡಿಗರು ಫಿಲಿಪೈನ್ಸಿಗೆ ಹೋಗಿದ್ದರೆಂದು ಯಾರೂ ಹಿಗ್ಗಬೇಕಾಗಿಲ್ಲ. ಪಟದ ಭಾಷೆ ಹಳೆಯ ಮಲಯ, ಶಕವರ್ಷವು ಜಾವಾದ ದಾರಿಯಿಂದ ಹೋದುದು. ಐಹೊಳೆಯ ಐನೂರ್ವರೆಂಬ ವರ್ತಕರ ಸಂಘದ ಹೆಸರು ಮಾತ್ರ ಸುಮಾತ್ರದ ಬಾರೂಸಿನಲ್ಲಿ, ಕ್ರಿ.ಶ. 1088ರ ತಮಿಳು ಶಾಸನದಲ್ಲಿ ದೊರೆತಿದೆ. ನಮ್ಮ ನಾಡಿನ ಹೆಸರನ್ನು ಕಡಲಾಚೆಗೆ ಹುಡುಕುವವರು ಹಿಡಿಯಬೇಕಾದ ಎಳೆ ಅದು.

ಮಾರತ್ತಹಳ್ಳಿಯ ಸುತ್ತ ಈಗ ನೆಲವನ್ನು ಅಗೆಯುತ್ತಿರುವಷ್ಟು ಹಿಂದೆಂದೂ ಅಗೆದುದಿಲ್ಲ. ಮೆಟ್ರೋ ಕಂಬಗಳಿಗೆ, ಕಟ್ಟಡಗಳ ನೆಲಮಾಳಿಗೆಗಳಿಗೆ ಮೂವತ್ತು ನಲವತ್ತು ಅಡಿಗಳ ಹೊಂಡಗಳಾಗುತ್ತಿವೆ. ಗುದ್ದಲಿಯವನ ಕಣ್ಣಿಗೆ ಬಿದ್ದ ಗಡಿಗೆಯು ಯಂತ್ರದ ತೊಟ್ಟಿಲಿಗೆ ಕಾಣುವುದಿಲ್ಲ. ಮಣ್ಣು ಲಾರಿಯೇರಿ ಯಾವುದೋ ಕೆರೆಯಂಗಳವನ್ನು ಸೇರುತ್ತದೆ. ದೊಡ್ಡ ಅಗೆತ ನಡೆಯುವಲ್ಲಿ ಕೆಲವು ದಿನಗಳ ಮಟ್ಟಿಗಾದರೂ ಪ್ರಾಕ್ತನಶಾಸ್ತ್ರವನ್ನು ಬಲ್ಲವರೊಬ್ಬರು ನಿಂತು ನೋಡಬೇಕೆಂಬ ನಿಯಮವು ಪರವಾನಗಿಯ ಷರತ್ತುಗಳಲ್ಲಿ ಸೇರಬೇಕೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಇಂತಹ ಷರತ್ತು 1990ರಿಂದ ರೂಢಿಯಲ್ಲಿದೆ. ಅದರಿಂದ ಅಲ್ಲಿಯ ಕಟ್ಟಡಗಳೇನೂ ನಿಂತುಹೋಗಿಲ್ಲ.

ಕಾಲೇಜಿನ ವಿದ್ಯಾರ್ಥಿಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ. ನೆರೆಯ ನಿವೇಶನದಲ್ಲಿ ಕಪ್ಪು ಕೆಂಪು ಬಣ್ಣದ ಮಡಕೆಚೂರು, ಕಬ್ಬಿಣದ ಕಿಟ್ಟ, ವೃತ್ತಾಕಾರವಾಗಿ ನಿಲ್ಲಿಸಿದ ಕಲ್ಲು, ಇವುಗಳಲ್ಲಿ ಯಾವುದು ಕಂಡರೂ ಅದನ್ನು ಎತ್ತಬಾರದು, ತೊಳೆಯಬಾರದು. ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಚಿತ್ರವನ್ನು ತೆಗೆಯಬೇಕು. ನೆಲದ ಮಟ್ಟದಿಂದ ಎಷ್ಟು ಆಳ, ಸುತ್ತಲಿನ ಮಣ್ಣಿನ ಬಣ್ಣವೇನು ಎಂಬುದನ್ನು ಅಲ್ಲಿಯೇ ಬರೆದುಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ನಾಣ್ಯವೋ ಒಡವೆಯೋ ಆದರೆ ನಿಧಿಯ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೂ ತಿಳಿಸತಕ್ಕದ್ದು. ಗಡಿಗೆ ಒಡೆದಿದ್ದರೆ ಅದರ ಚೂರುಗಳನ್ನೂ ನಾಣ್ಯಗಳೊಡನೆಯೇ ಒಪ್ಪಿಸಬೇಕು.