ಎಚ್‌ಬಿ ನಾರ್ಮಲ್ ಅಂದ್ರ ಎಲ್ಲಾ ನಾರ್ಮಲ್ ಅಲ್ಲ

1/7
"ಕಾಲ ಅಲ್ಲಾಡಸಬ್ಯಾಡ, ಮನಿಗೆ ದರಿದ್ರ ಬರ್ತೈತಿ!"
ಇಂಡಿ ಇರಲಿ, ಸಿಂದಗಿ ಇರಲಿ, ಮುದ್ದೇಬಿಹಾಳ ಇರಲಿ, ಈ ಮಾತು ಕೇಳದ ಹುಡುಗಿ ಇಲ್ಲ. ನನ್ನ ವಿಷಯದಾಗ ದರಿದ್ರ ಇದ್ದದ್ದು ಖರೆ. ಆದ್ರ ಮನ್ಯಾಗಲ್ಲ, ಮೈಯೊಳಗಿನ ಕಬ್ಬಿಣದಾಗ. ಕಾಲು ಅಲ್ಲಾಡಿಸಿದ್ದಕ್ಕ ಅದು ಬರಲಿಲ್ಲ. ಅದು ಬಂದದ್ದಕ್ಕ ಕಾಲು ಸುಮ್ನ ಇರಲಿಲ್ಲ. ಪೂರಾ ಓದ್ರಿ.

2/7
ವಿಜಯಪುರದ ಹಾಸ್ಟೆಲ್. ರಾತ್ರಿ ಹತ್ತರ ಮ್ಯಾಲ ಹಾಸಿಗೆಗೆ ಬಿದ್ರ ಸಾಕು, ಮೊಣಕಾಲಿನ ಕೆಳಗ, ಎಲುಬಿನ ಒಳಗ ಇರುವಿ ಹರದಾಡಿದಂಗ. ನೋವಲ್ಲ, ಜೋಮೂ ಅಲ್ಲ. ಎದ್ದು ನಾಕ ಹೆಜ್ಜಿ ಹಾಕಿದ್ರ ಹೋಗ್ತೈತಿ, ಮಲಗಿದ್ರ ಮತ್ತ ಬರ್ತೈತಿ. ಬಾಗೇವಾಡಿಯ ರೂಮ್‌ಮೇಟ್ "ದೆವ್ವ ಅಡ್ಡಾಡಿದಂಗ ಅಡ್ಡಾಡ್ತಿ ನೋಡವಾ" ಅಂತ ನಗ್ತಿದ್ಲು. ಮುಂಜಾನೆ ಕ್ಲಾಸಿನ್ಯಾಗ ತೂಕಡಿಸಿದ್ರ "ರಾತ್ರಿಯೆಲ್ಲಾ ಮೊಬೈಲ್" ಅಂತ ಬೈಗುಳ.
ಆಮ್ಯಾಲ ಅವ್ವ ನೆನಪಾದಳು. ಹೊಲದಿಂದ ಬಂದು, ರೊಟ್ಟಿ ಬಡದು, ಎಲ್ಲಾರೂ ಮಲಗಿದ ಮ್ಯಾಲ ಪಡಸಾಲ್ಯಾಗ ಅಡ್ಡಾಡ್ತಿದ್ಲು. ಮೀನಗಂಡಕ್ಕ ಹಳೇ ಸೀರಿ ತುಂಡು ಬಿಗಿದು ಮಲಗ್ತಿದ್ಲು. ನಾವು ಅದನ್ನ "ದಣಿವು" ಅಂತಿದ್ವಿ. ಇದು ಮನೆತನದಾಗ ಬರೋ ಕಾಯಿಲೆ ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ.

3/7
ಮೊದಲು ತೋರಿಸಿದ ಕಡೆ ಎಚ್‌ಬಿ ಮಾಡಿಸಿದ್ರು: 12.2. "ನಾರ್ಮಲ್ ಐತಿ, ಟೆನ್ಷನ್ ತಗೋಬ್ಯಾಡ" ಅಂದು ವಿಟಮಿನ್ ಗುಳಿಗಿ ಕೊಟ್ಟು ಕಳಿಸಿದ್ರು. ಒಂದು ವರ್ಷ ಹೋತು. ಎರಡನೇ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದ್ರು: "ಫೆರಿಟಿನ್ ಎಷ್ಟೈತಿ?"
ನನ್ನದು 17 ಇತ್ತು. ಲ್ಯಾಬ್ ಚೀಟಿಯೊಳಗ ನಾರ್ಮಲ್ 10ರಿಂದ ಶುರು. ಅಂದ್ರ ಚೀಟಿ ಪ್ರಕಾರ ಈಗಲೂ ನಾನು ಆರಾಮ! ಡಾಕ್ಟರ್ ಆ ಸಾಲಿನ ಮ್ಯಾಲ ಪೆನ್ನಿನಿಂದ ಗೀಟು ಎಳದು ಬರೆದ್ರು: ಕಾಲಿನ ಲೆಕ್ಕ ಬ್ಯಾರೆ, 75.

4/7
ಕಾಯಿಲೆಯ ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಹೊಸದೇನಲ್ಲ. 1672ರಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಬರೆದಿದ್ದಾರೆ. 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ಇದನ್ನು ವಿವರವಾಗಿ ದಾಖಲಿಸಿದರು. 1950ರ ದಶಕದಲ್ಲಿ ಅಲ್ಲಿನ ಇನ್ನೊಬ್ಬ ವೈದ್ಯ ನಾರ್ಡ್‌ಲಾಂಡರ್ ಕಬ್ಬಿಣದ ಇಂಜೆಕ್ಷನ್ ಕೊಟ್ಟು ರೋಗಿಗಳಿಗೆ ಆರಾಮ ಮಾಡಿದ್ದರು.
ಎಚ್‌ಬಿ ಅಂದ್ರ ಇವತ್ತಿನ ರೊಟ್ಟಿ ಬುಟ್ಟಿ. ಫೆರಿಟಿನ್ ಅಂದ್ರ ಹಗೇವು. ಹಗೇವಿನ ತಳ ಕಂಡ್ರೂ ಬುಟ್ಟಿಯೊಳಗ ರೊಟ್ಟಿ ತುಂಬಿರಬಹುದು. ದೇಹ ಮೊದಲು ಹಗೇವು ಖಾಲಿ ಮಾಡ್ತದೆ, ಬುಟ್ಟಿ ಕಡೀಕ ಖಾಲಿ ಆಗ್ತದೆ. ಮೆದುಳಿಗೆ ಡೋಪಮೈನ್ ತಯಾರಿಸಲು ಕಬ್ಬಿಣ ಬೇಕು. ಈ ಕಾಯಿಲೆ ಇದ್ದವರಲ್ಲಿ ರಕ್ತದ ಲೆಕ್ಕ ಸರಿ ಕಂಡರೂ ಮೆದುಳಿನಲ್ಲಿ ಕಬ್ಬಿಣ ಕಡಿಮೆ ಇರಬಹುದು. ಅದಕ್ಕೇ 2018ರ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ, ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದ ದೊಡ್ಡವರಿಗೆ ಕಬ್ಬಿಣದ ಗುಳಿಗಿ ಕೊಟ್ಟು ನೋಡಿ ಅನ್ನುತ್ತದೆ.

5/7
ಈಗ ಜಗಳದ ಮಾತು. ಕಾಲೇಜಿಗೆ ಕ್ಯಾಂಪ್ ಬರ್ತೈತಿ, ಬೆರಳು ಚುಚ್ಚತಾರ, ಎಚ್‌ಬಿ ಬರಕೊಂಡು ಹೋಗ್ತಾರ. 12 ದಾಟಿದ್ರ ಪಾಸು. ರಾತ್ರಿ ನಿದ್ದಿ ಬರ್ತದೇನು ಅಂತ ಯಾರೂ ಕೇಳೂದಿಲ್ಲ.
ನೀಲಿ ಗುಳಿಗಿ ಕೆಟ್ಟದ್ದು ಅಂತ ನಾ ಹೇಳ್ತಿಲ್ಲ. ವಾರಕ್ಕೊಂದು, 60 ಮಿಲಿಗ್ರಾಂ ಕಬ್ಬಿಣ, ಪುಕ್ಕಟೆ. ಹೊಟ್ಟಿ ತೊಳಸ್ತೈತಿ ಅಂತ ನಾವೇ ಕಿಟಕಿಯಿಂದ ಒಗದೀವಿ, ಅದು ನಮ್ಮ ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಬುಟ್ಟಿ ಖಾಲಿ ಆದವರೇ ಇಷ್ಟು. ಹಗೇವು ಖಾಲಿ ಆದವರನ್ನ ಎಣಿಸಿದವರು ಯಾರು?
"ಎಲ್ಲಾರಿಗೂ ಫೆರಿಟಿನ್ ಮಾಡಸಾಕ ರೊಕ್ಕ ಎಲ್ಲೈತಿ?" ಅಂತೀರಿ. ಎಲ್ಲಾರಿಗೂ ಬ್ಯಾಡ. ಮೊದಲು ನಾಕು ಪ್ರಶ್ನೆ ಕೇಳ್ರಿ, ಅದಕ್ಕ ರೊಕ್ಕ ಹತ್ತೂದಿಲ್ಲ:
– ಕಾಲು ಅಲ್ಲಾಡಿಸಲೇಬೇಕು ಅನಸ್ತೈತೇನು?
– ಕೂತಾಗ, ಮಲಗಿದಾಗ ಹೆಚ್ಚಾಗ್ತೈತೇನು?
– ನಡದ್ರ ಕಡಿಮಿ ಆಗ್ತೈತೇನು?
– ಸಂಜಿ, ರಾತ್ರಿ ಜೋರಾಗ್ತೈತೇನು?
ನಾಕಕ್ಕೂ ಹೌದು ಅಂದವರಿಗೆ ಮಾಡಸ್ರಿ. ಬಸರಿ ಹೆಣ್ಣುಮಕ್ಕಳನ್ನಂತೂ ಕೇಳಲೇಬೇಕು, ಕಡೀ ಮೂರು ತಿಂಗಳದಾಗ ಇದು ಹೆಚ್ಚು.

6/7
ಇದನ್ನ ಓದಿ ಮೆಡಿಕಲ್ ಶಾಪಿಗೆ ಓಡಬ್ಯಾಡ್ರಿ. ಕಬ್ಬಿಣ ಹೆಚ್ಚಾದ್ರ ಲಿವರ್, ಹೃದಯ ಎರಡಕ್ಕೂ ಪೆಟ್ಟು. ಥಲಸ್ಸೇಮಿಯಾದಂಥ ಕಾಯಿಲೆ ಇದ್ದವರಿಗೆ ಇನ್ನೂ ಅಪಾಯ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿ ಕಾಣ್ತದೆ, ಆರಾಮಾದ ಮ್ಯಾಲ ಮಾಡಸ್ರಿ. ನಿದ್ದಿ ಬರಿಸೋ ಕೆಲವು ನೆಗಡಿ ಗುಳಿಗಿ, ಕೆಲವು ವಾಂತಿ ಗುಳಿಗಿ ಇದನ್ನ ಜೋರು ಮಾಡ್ತಾವ, ಡಾಕ್ಟರಿಗೆ ಹೇಳ್ರಿ. ಕಬ್ಬಿಣ ಎಲ್ಲಾರ ಕಾಲನ್ನೂ ಸುಮ್ನ ಕೂಡಸೂದಿಲ್ಲ, ಅದಕ್ಕ ಬ್ಯಾರೆ ಔಷಧಿನೂ ಅದಾವ. ಗುಳಿಗಿ ಡಬ್ಬಿ ಸಣ್ಣ ಹುಡುಗರ ಕೈಗೆ ಸಿಗದಂಗ ಇಡ್ರಿ.

7/7
ಊಟ? ಜೋಳದ ರೊಟ್ಟಿ, ಕಾಳಪಲ್ಯ, ಮ್ಯಾಲ ನಮ್ಮ ಇಂಡಿ ಲಿಂಬಿ ಹಿಂಡ್ರಿ, ಊಟದಾಗಿನ ಕಬ್ಬಿಣ ಚೊಲೋ ಹತ್ತತೈತಿ. ಉಂಡ ಕೂಡ್ಲೇ ಚಾ ಬ್ಯಾಡ, ಒಂದು ತಾಸು ತಡೀರಿ. ಆದ್ರ 17 ಇದ್ದದ್ದು 75 ಆಗೂದು ಬರೇ ಪಲ್ಯದಿಂದ ಅಲ್ಲ. ನಾನು ಡಾಕ್ಟರ್ ಹೇಳಿದಂಗ ನಾಕು ತಿಂಗಳು ಗುಳಿಗಿ ತಗೊಂಡೀನಿ. ಈಗ 61. ವಾರದಾಗ ಐದು ರಾತ್ರಿ ನಿದ್ದಿ ಬರ್ತೈತಿ.
ಅವ್ವ ಮಾತ್ರ ಇನ್ನೂ ಅಡ್ಡಾಡ್ತಾಳ. "ನನಗ ಯಾಕ ಸುಮ್ನ ರೊಕ್ಕ ಹಾಳ ಮಾಡ್ತಿ, ಇದು ಮೊದಲಿಂದ್ಲೂ ಇದ್ದದ್ದ" ಅಂತಾಳ. ಇಪ್ಪತ್ತು ವರ್ಷದ ನಿದ್ದಿ ಹೋದದ್ದು ಆಕಿಗೆ ಖರ್ಚು ಅನಸೂದಿಲ್ಲ, ಒಂದು ರಕ್ತ ಪರೀಕ್ಷೆ ಖರ್ಚು ಅನಸ್ತೈತಿ. ಈ ಸೋಮವಾರ ಸಿಂದಗಿಗೆ ಕರಕೊಂಡು ಹೊಂಟೀನಿ. ಬೈದ್ರೂ ಸರಿ.
ನಿಮ್ಮ ಮನ್ಯಾಗ ರಾತ್ರಿ ಯಾರು ಅಡ್ಡಾಡ್ತಾರ? ಲೈಕ್ ಬ್ಯಾಡ, ಅವರಿಗೆ ಓದಿ ಹೇಳ್ರಿ.

#ಫೆರಿಟಿನ್_ಕೇಳ್ರಿ #ನಮ್ಮ_ವಿಜಯಪುರ #ಅವ್ವನ_ನಿದ್ದಿ